ನೆಲಕ್ಕೆ ನೆಟ್ಟ ಊಟದ ಮೇಜು

ಜೆಕ್ ದೇಶದ ಬರ್ನೊ ನಗರದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ 1930ರಲ್ಲಿ ಕಟ್ಟಿ ಮುಗಿಸಿದ ಟುಗೆಂಡ್‌ಹಾಟ್ ಮನೆಯಲ್ಲಿ ಊಟಕ್ಕೆಂದು ಪ್ರತ್ಯೇಕ ಕೋಣೆಯಿಲ್ಲ. ದೊಡ್ಡ ಹಜಾರದೊಳಗೇ ಮಕಾಸರ್ ಕರಿಮರದ ಅರ್ಧವೃತ್ತದ ಗೋಡೆ, ಅದರ ಮಡಿಲಲ್ಲಿ ಒಂಟಿಕಾಲಿನ ದುಂಡುಮೇಜು. ನೆಂಟರು ಹೆಚ್ಚಿದಂತೆ ಸುತ್ತಲೂ ಹಲಗೆ ಸೇರಿಸಿ 24 ಜನ ಕೂರುವಷ್ಟು ಹಿಗ್ಗಿಸಬಹುದು. ಆದರೆ ಕಾಲು ನೆಲಕ್ಕೇ ನೆಟ್ಟಿರುವುದರಿಂದ ಒಂದಿಂಚೂ ಸರಿಸುವಂತಿಲ್ಲ! ದುಂಡುಮೇಜಿಗೆ ತಲೆಯ ಕಡೆ, ಕಾಲಿನ ಕಡೆ ಅಂತಿಲ್ಲ, ಯಜಮಾನರ ಕುರ್ಚಿ ಯಾವುದೆಂಬ ತಕರಾರೂ ಇಲ್ಲ. ನನಗೆ ಹಿಡಿಸಿದ್ದು ಅದೇ. (24 ಜನಕ್ಕೆ ಬಡಿಸುವವರ ಪಾಡು ಬೇರೆ.)

ಮನೆಯ ಒಡೆಯರಾದ ಯಹೂದಿ ಟುಗೆಂಡ್‌ಹಾಟ್ ಕುಟುಂಬ 1938ರಲ್ಲಿ ಊರು ಬಿಟ್ಟಿತು. ಯುದ್ಧಕಾಲದಲ್ಲಿ ಕಾಣೆಯಾದ ಗೋಡೆಯ ಹಲಗೆಗಳು 2011ರಲ್ಲಿ ಪತ್ತೆಯಾದವು. ಎಲ್ಲಿ ಅಂತೀರಿ? ಅದೇ ಊರಿನ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ!