ಅಡಿಟಿಪ್ಪಣಿಯೊಂದರ ಋಣ



ಕಳೆದ ತಿಂಗಳು ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿ ಈಗ ಕಾಲೇಜಿನಲ್ಲಿ ಅಧ್ಯಾಪಕರಾಗಿರುವವರೊಬ್ಬರು ದರ್ಶನಕ್ಕೆ ಬಂದಿದ್ದರು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಗಡುವು ಸಮೀಪಿಸಿದೆ. "ಬುದ್ಧಿ, ಓಲೆಗರಿ ಓದುತ್ತ ಕುಳಿತರೆ ವರ್ಷಗಳೇ ಕಳೆಯುತ್ತವೆ. ಅಚ್ಚಾದ ಪಾಠವನ್ನೇ ತೆಗೆದುಕೊಂಡರೆ ತಪ್ಪೇನು?" ಎಂದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಕಾರಣವನ್ನು ತಮ್ಮೆದುರು ಒಪ್ಪಿಕೊಳ್ಳುವುದೇ ಲೇಸು.

ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯ ಗುರುಗಳು ಪದವಿಭಾಗ ಮಾಡದೆ ಮುಂದಿನ ಶ್ಲೋಕಕ್ಕೆ ಹೋಗಗೊಡುತ್ತಿರಲಿಲ್ಲ. ಆದರೆ 'ಈ ಪಾಠ ಯಾವ ಪ್ರತಿಯಲ್ಲಿದೆ?' ಎಂದು ಕೇಳುವುದನ್ನು ನಮಗೆ ಕಲಿಸಿದ್ದು ವಿಶ್ವವಿದ್ಯಾಲಯ. ಆ ಉಪಕಾರವನ್ನು ಮರೆಯಲಾರೆವು. ಅಲ್ಲಿಯೇ ನಾವು ತಪ್ಪಿದ್ದೂ ನಿಜ. ಗಡುವಿನ ಅವಸರದಲ್ಲಿ ಮುದ್ರಿತ ಪಾಠವನ್ನೆತ್ತಿಕೊಂಡು, ಕಣ್ಣಾರೆ ಕಂಡವರಂತೆ ಅಡಿಟಿಪ್ಪಣಿಯಲ್ಲಿ ಓಲೆಪ್ರತಿಯ ಸಂಖ್ಯೆ ಬರೆದೆವು. ಹಲವು ವರ್ಷಗಳ ಮೇಲೆ ಆ ಕಟ್ಟು ಕೈಗೆ ಬಂದಿತು. ಅಚ್ಚಿನಲ್ಲಿ 'ವ'ಕಾರವಿದ್ದಲ್ಲಿ ಗರಿಯಲ್ಲಿ 'ಪ'ಕಾರವಿತ್ತು. ನಮ್ಮ ಒಂದು ಅಧ್ಯಾಯದ ಅರ್ಧ ವಾದ ಆ ಅಕ್ಷರದ ಮೇಲೆಯೇ ನಿಂತಿತ್ತು! ಪರೀಕ್ಷಕರಿಗೆ ಕಾಣಲಿಲ್ಲ, ಪದವಿ ಮಾತ್ರ ಹೆಸರಿನ ಹಿಂದೆ ಉಳಿಯಿತು.

ಫ. ಗು. ಹಳಕಟ್ಟಿಯವರು ವಿಜಯಪುರದ ವಕೀಲರು. ಊರೂರು ತಿರುಗಿ ಓಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದರು. ಮನೆ ಮಾರಿ ಮುದ್ರಣಾಲಯ ನಡೆಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನಾರಂಭಿಸಿದರು. ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿದ್ದು 1956ರಲ್ಲಿ, ಅವರ ಎಪ್ಪತ್ತಾರರ ಸುಮಾರಿಗೆ. ಅಷ್ಟು ಕಾಲ ಅವರ ದುಡಿಮೆಗೆ ಅಂಕ ಹಾಕುವವರಿರಲಿಲ್ಲ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರ ಲೇಖನ, ಪುಸ್ತಕ, ವಿಚಾರಸಂಕಿರಣಗಳಿಗೆ ಅಂಕಗಳನ್ನು ಗೊತ್ತುಮಾಡಿತು. ವಶೀಲಿಗಿಂತ ಅಂಕ ಮೇಲೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದು ಅಕ್ಷರಕ್ಕಾಗಿ ಮೂರು ಪ್ರತಿಗಳನ್ನು ಹೋಲಿಸಿದ ಬೇಸಿಗೆಗೆ ಯಾವ ಕಲಮಿನಲ್ಲಿ ಅಂಕವಿದೆ? ಸಂಶೋಧನ ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಆಯೋಗವೇ 2022ರಲ್ಲಿ ಕೈಬಿಟ್ಟಿತು. ಅವಸರದ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಬಂದವರ ಮುಂದೆ ನಮ್ಮ ಪ್ರಬಂಧವನ್ನೂ ಓಲೆಕಟ್ಟನ್ನೂ ಇಟ್ಟು ಎಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ವಿಶ್ವವಿದ್ಯಾಲಯಕ್ಕೆ ತಿಳಿಸಿದ್ದೀರಾ, ಬುದ್ಧಿ?" ಎಂದರು. ತಿಳಿಸಿರಲಿಲ್ಲ. ಮರುದಿನವೇ ತಿದ್ದುಪಡಿಯ ಪತ್ರ ಕಳುಹಿಸಿದೆವು; ಅದರ ನಕಲನ್ನು ಮಠದ ಗ್ರಂಥಾಲಯದ ಪ್ರತಿಯಲ್ಲಿ ಅಂಟಿಸಲಾಗಿದೆ.

ಅಂದು ಸಂಜೆಯ ಬಸ್ಸಿನ ವೇಳೆಗೆ ಅವರು ನಾಲ್ಕು ಗರಿಗಳನ್ನು ಓದಿದ್ದರು. ಉಳಿದವಕ್ಕೆ ಬೇಸಿಗೆಯ ರಜೆಯಲ್ಲಿ ಬರುವುದಾಗಿ ಹೇಳಿ ಹೋಗಿದ್ದಾರೆ.