ಹುಲಿಯ ಮನೆಯ ಹಿಂಬಾಗಿಲು

ಮೈಸೂರಿನವರ ಮುಂದೆ ಮೃಗಾಲಯದ ಮಾತೆತ್ತಿ ನೋಡಿ. ಒಬ್ಬರಿಗೆ ಶಾಲೆಯ ಪ್ರವಾಸ ನೆನಪಾಗುತ್ತದೆ, ಇನ್ನೊಬ್ಬರಿಗೆ ದಸರಾ ರಜೆಗೆ ಬಂದ ನೆಂಟರನ್ನು ಕರೆದುಕೊಂಡು ಸುತ್ತಿದ್ದು. ಜಿರಾಫೆಯಿಂದ ಶುರುವಾದ ಮಾತು ಚುರುಮುರಿಯಲ್ಲಿ ಮುಗಿಯುತ್ತದೆ. ಆ ಜಿರಾಫೆಯ ಮನೆಗೆ ಸೂರು ಹಾಕಿಸಿದ ದುಡ್ಡು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಕೇಳಬೇಕೆನ್ನಿಸುತ್ತದೆ. ಹೇಗೂ ಕೂತಿದ್ದೀರಿ, ಕಾಫಿ ಬರುವವರೆಗೆ ಅದನ್ನೇ ಮಾತಾಡೋಣ.

1892ರಲ್ಲಿ ಈ ಚಿಂತೆ ಇರಲಿಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರು ಮೃಗಾಲಯ ಕಟ್ಟಲು ಮನಸ್ಸು ಮಾಡಿದರು, ಅರಮನೆಯ ಖಜಾನೆ ನೋಡಿಕೊಂಡಿತು. ಆಗ ಅದಕ್ಕೆ ಅರಮನೆ ಮೃಗಾಲಯ ಅಂತಲೇ ಹೆಸರು. ಅದರ ವಿನ್ಯಾಸದಲ್ಲಿ ಜರ್ಮನಿಯ ಕೃಂಬಿಗಲ್ ಅವರ ಕೈಯಿದೆ, ಲಾಲ್‌ಬಾಗ್ ನೋಡಿದವರಿಗೆ ಗೊತ್ತಿರುವ ಹೆಸರು. ಮೃಗಗಳ ಮನೆ ಕಟ್ಟುವಾಗ ಗಿಡಮರ ಬಲ್ಲವನನ್ನು ಕೇಳಬೇಕೆಂದು ಅಂದಿನವರಿಗೆ ಹೊಳೆದದ್ದು ದೊಡ್ಡ ಮಾತು. ಇಂದಿಗೂ ಬೇಸಗೆಯಲ್ಲಿ ಅಲ್ಲಿಗೆ ಹೋದವರು ಮೊದಲು ಹೊಗಳುವುದು ನೆರಳನ್ನೇ.

ಜರ್ಮನಿ ಎಂದೆನಲ್ಲ, ಹ್ಯಾಂಬರ್ಗ್ ಕಡೆ ಒಂದು ಹೆಜ್ಜೆ ಹೋಗಿಬರೋಣ. ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ 1907ರಲ್ಲಿ ಅಲ್ಲೊಂದು ಮೃಗವನ ತೆರೆದ. ಕಬ್ಬಿಣದ ಸರಳು ಕಿತ್ತುಹಾಕಿ ಕಂದಕ ತೋಡಿಸಿದ. ಸಿಂಹಕ್ಕೂ ನೋಡುವವರಿಗೂ ನಡುವೆ ಬರೀ ಗಾಳಿ! ನಮ್ಮ ಹುಲಿ ಸಿಂಹಗಳ ಮುಂದಿನ ಕಂದಕಗಳೂ ಅದೇ ಯೋಚನೆಯ ಸಂತಾನ. ಅಲ್ಲಿಂದ ಲಂಡನ್ನಿಗೆ ಬಂದರೆ ದುಡ್ಡಿನ ಕತೆ. 1828ರಲ್ಲಿ ಶುರುವಾದಾಗ ಆ ಮೃಗಾಲಯ ವಿದ್ವಾಂಸರ ಸಂಘದ ಸದಸ್ಯರಿಗೇ ಮೀಸಲು. ಖರ್ಚು ತೂಗಿಸಲು 1847ರಲ್ಲಿ ಜನಸಾಮಾನ್ಯರಿಗೂ ಬಾಗಿಲು ತೆರೆದರು. ನೋಡಲು ಬಂದವರ ದುಡ್ಡಿನಿಂದಲೇ ಪ್ರಾಣಿಗಳ ಊಟ ಎಂಬ ಏರ್ಪಾಡು ಅಷ್ಟು ಹಳೆಯದು.

ನಮ್ಮಲ್ಲೂ ಅದೇ. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಹುಟ್ಟಿತು. ಮೈಸೂರು ಮೃಗಾಲಯ ಅಂದಿನಿಂದ ಬಹುಪಾಲು ಗೇಟಿನ ಹಣವನ್ನೇ ನಂಬಿಕೊಂಡಿದೆ. 2020ರಲ್ಲಿ ಕೋವಿಡ್‌ನಿಂದಾಗಿ ಗೇಟು ಮುಚ್ಚಿತು, ಆನೆಯ ಹಸಿವು ಮುಚ್ಚೀತೆ? ಆಗ ಜನ ಕೈಬಿಡಲಿಲ್ಲ. ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಎಸ್.ಟಿ. ಸೋಮಶೇಖರ್ ದೇಣಿಗೆ ಕೂಡಿಸಿಕೊಟ್ಟರು. ಮರುವರ್ಷ ನಟ ದರ್ಶನ್ ಕರೆಕೊಟ್ಟ ಮೇಲೆ ಪ್ರಾಣಿಗಳನ್ನು ದತ್ತು ಪಡೆಯಲು ನಾಡಿನ ಮೂಲೆಮೂಲೆಯಿಂದ ಜನ ಮುಂದೆ ಬಂದರು. ದೊಡ್ಡ ದಾನಿಗಳೂ ಇದ್ದಾರೆ. 2014ರಲ್ಲಿ ಪೋಲೊ ಎಂಬ ಗೊರಿಲ್ಲಾ ತೀರಿಕೊಂಡ ಮೇಲೆ ಇಲ್ಲಿ ಗೊರಿಲ್ಲಾ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಅಣ್ಣತಮ್ಮಂದಿರು ಬಂದರು. ಅವರ ಹೊಸ ಮನೆಗೆ ಹಣ ಕೊಟ್ಟದ್ದು ಇನ್ಫೋಸಿಸ್ ಫೌಂಡೇಶನ್.

ದುಡ್ಡು ಸಿಕ್ಕಿತು ಅನ್ನಿ, ಎಲ್ಲಿಂದ ಶುರು ಮಾಡಬೇಕು? ನನ್ನ ತಕರಾರು ಇಲ್ಲಿದೆ. ಜೀರ್ಣೋದ್ಧಾರ ಎಂದರೆ ಎಲ್ಲರ ಕಣ್ಣೂ ಮುಂಬಾಗಿಲಿಗೇ ಹೋಗುತ್ತದೆ. ಕಮಾನು, ಕಾರಂಜಿ, ಫೋಟೋ ತೆಗೆಸಿಕೊಳ್ಳುವ ಕಟ್ಟೆ, ದಾನಿಗಳ ಹೆಸರಿನ ಫಲಕ. ಹುಲಿ ಇರುಳು ಕಳೆಯುವುದು ಹಿಂಬದಿಯ ಕೋಣೆಯಲ್ಲಿ. ವೈದ್ಯರು ಅದನ್ನು ಹತ್ತಿರದಿಂದ ನೋಡುವುದೂ ಅಲ್ಲೇ, ತಾಯಿ ಮರಿ ಹಾಕುವುದೂ ಅಲ್ಲೇ. ಆ ನೆಲ ಜಾರುತ್ತದೆಯೆ, ನೀರು ಹರಿದುಹೋಗುತ್ತದೆಯೆ, ಜಾರುಬಾಗಿಲಿನ ಹಗ್ಗ ಗಟ್ಟಿಯಿದೆಯೆ? ಇದನ್ನು ಹೇಳಬಲ್ಲವರು ದಿನಾ ಬೆಳಿಗ್ಗೆ ಪೊರಕೆ ಹಿಡಿದು ಒಳಹೋಗುವ ಪ್ರಾಣಿಪಾಲಕರು. ನಕ್ಷೆ ಬರೆಯುವವರು ಮೊದಲು ಅವರ ಪಕ್ಕ ಒಂದು ವಾರ ನಿಲ್ಲಬೇಕು. ಹೊಸ ಪ್ರಾಣಿಗಳನ್ನು ಪ್ರತ್ಯೇಕ ಇಡುವ ಕ್ವಾರಂಟೈನ್, ಮಾಂಸ ಕತ್ತರಿಸುವ ಕೋಣೆ, ಆಸ್ಪತ್ರೆ, ಇವಕ್ಕೆ ಹೆಸರಿನ ಫಲಕ ಕೇಳದ ದಾನಿ ಬೇಕಾಗಿದ್ದಾರೆ.

ಇನ್ನೊಂದು ವಿಷಯ. ಮನೆ ರಿಪೇರಿಗೆ ಬಂದರೆ ನಾವು ಅಕ್ಕನ ಮನೆಗೆ ಹೋಗಿ ಇರುತ್ತೇವೆ. ಕರಡಿ ಎಲ್ಲಿಗೆ ಹೋಗಬೇಕು? ಕಲ್ಲು ಒಡೆಯುವ ಸದ್ದು, ಸಿಮೆಂಟಿನ ದೂಳು, ಪಕ್ಕದ ಮನೆಯಲ್ಲಿ ಗಬ್ಬದ ಜಿಂಕೆ. ಅದಕ್ಕೇ ಮೊದಲು ಬಿಡಿಮನೆಯೊಂದನ್ನು ಕಟ್ಟಿ, ಒಂದೊಂದೇ ಪ್ರಾಣಿಯನ್ನು ಅಲ್ಲಿಗೆ ಸಾಗಿಸಿ, ಒಂದೊಂದೇ ಮನೆ ಸರಿಮಾಡಬೇಕು. ನಿಧಾನವಾಗುತ್ತದೆ, ಹೌದು. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಲೇಬೇಕು ಎನ್ನುವವರಿಗೆ ಇದು ಒಗ್ಗುವುದಿಲ್ಲ. ಆದರೂ ಪ್ರಾಣಿಯ ದೇಹಕ್ಕೆ ಒಗ್ಗುವುದು ಇದೊಂದೇ ದಾರಿ. ಮೃಗಾಲಯಗಳು ಮಾಸ್ಟರ್ ಪ್ಲಾನ್ ಮಾಡಿಕೊಳ್ಳಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಹೇಳುವುದು ಸುಮ್ಮನೆ ಅಲ್ಲ.

ಕಾಫಿ ಬಂತು. ಮುಂದಿನ ಸಲ ಮೈಸೂರಿಗೆ ಹೋದಾಗ ಮೃಗಾಲಯದ ಕಚೇರಿಯೊಳಗೂ ಹೋಗಿಬನ್ನಿ. ದತ್ತು ಯೋಜನೆಯ ಪಟ್ಟಿ ಕೇಳಿ. ಹುಲಿ, ಆನೆ ಬಿಡಿ, ಈ ವರ್ಷ ಯಾರೂ ತೆಗೆದುಕೊಳ್ಳದ ಪ್ರಾಣಿ ಯಾವುದು ಎಂದು ವಿಚಾರಿಸಿ, ಅದನ್ನೇ ನಿಮ್ಮ ಹೆಸರಿಗೆ ಬರೆಸಿ. ಮಂಗಳವಾರ ಮಾತ್ರ ಹೋಗಬೇಡಿ, ಅಂದು ಅಲ್ಲಿ ರಜೆ.