ಒರಿಜಿನಲ್ ಇಲ್ಲ ಸಾರ್

ಟೌನ್‌ಹಾಲ್ ಹತ್ತಿರ ಬಸ್ಸಿಳಿದು ಎಸ್.ಪಿ. ರೋಡಿಗೆ ತಿರುಗಿದರೆ ಮೊದಲ ಅಂಗಡಿಗಳಲ್ಲಿ ನನ್ನಂಥವನಿಗೆ ಬೇಕಾದದ್ದು ಏನೂ ಇರುವುದಿಲ್ಲ. ಬಾಗಿಲಲ್ಲಿ ನಿಂತ ಹುಡುಗರು ಮಾತ್ರ ಬಿಡುವುದಿಲ್ಲ. "ಏನ್ ಬೇಕು ಬಾಸ್, ಲ್ಯಾಪ್‌ಟಾಪಾ, ಸಿಸಿ ಟಿವಿನಾ?" ಎಂದು ಮದುವೆ ಮನೆಗೆ ಕರೆದಷ್ಟೇ ಅಕ್ಕರೆಯಿಂದ ತೋಳು ಹಿಡಿಯುತ್ತಾರೆ. "ಕ್ಯಾಸೆಟ್ ಡೆಕ್ಕಿಗೆ ಬೆಲ್ಟ್ ಬೇಕಪ್ಪ" ಅಂದುಬಿಟ್ಟರೆ ಹಿಡಿದ ಕೈ ತಾನಾಗಿ ಸಡಿಲವಾಗುತ್ತದೆ. ಸಾದರ ಪತ್ರಪ್ಪನವರ ಹೆಸರಿನ ಈ ಬೀದಿಯಲ್ಲಿ ಜನರ ಕಾಟವಿಲ್ಲದೆ ನಡೆದು ಹೋಗಲು ನನಗೆ ಗೊತ್ತಿರುವ ಉಪಾಯ ಇದೊಂದೇ.

ನಮ್ಮ ಸಾಮಾನು ಇರುವುದು ಒಳಗಿನ ಸಂದಿಗಳಲ್ಲಿ. ಒಬ್ಬರು ಇಳಿದ ಮೇಲೆ ಇನ್ನೊಬ್ಬರು ಹತ್ತಬೇಕಾದ ಮೆಟ್ಟಿಲು, ಬಾಗಿಲಷ್ಟೇ ಅಗಲದ ಅಂಗಡಿ, ನೆಲದಿಂದ ಸೂರಿನ ತನಕ ಪುಟ್ಟ ಪ್ಲಾಸ್ಟಿಕ್ ಡ್ರಾಯರುಗಳು. ಯಾವುದರಲ್ಲಿ ಏನಿದೆ ಎಂದು ಚೀಟಿ ಅಂಟಿಸಿರುತ್ತಾರೆ. ಚೀಟಿಗೂ ಒಳಗಿನ ಮಾಲಿಗೂ ಸಂಬಂಧ ತಪ್ಪಿ ಎಷ್ಟೋ ವರ್ಷವಾಗಿರುತ್ತದೆ. ಯಜಮಾನರು ಮಾತ್ರ ಕುಳಿತಲ್ಲಿಂದಲೇ ಹುಡುಗನಿಗೆ "ಮೇಲಿಂದ ಮೂರನೇದು, ಎಡಗಡೆ" ಎನ್ನುತ್ತಾರೆ. ಅಲ್ಲಿ ಇದ್ದೇ ಇರುತ್ತದೆ.

ಹಳೇ ಸ್ಟೀರಿಯೋ ಸಾಕಿಕೊಂಡವರ ಪಾಡು ಸುಲಭದ್ದಲ್ಲ. 1991ಕ್ಕೆ ಮುಂಚೆ ವಿದೇಶಿ ಸೆಟ್ ಬೇಕೆಂದರೆ ಗಲ್ಫಿನಿಂದ ಬರುವ ನೆಂಟರಿರಬೇಕಿತ್ತು, ಇಲ್ಲವೇ ಮದ್ರಾಸಿನ ಬರ್ಮಾ ಬಜಾರಿನಲ್ಲಿ ಧೈರ್ಯ ಮಾಡಬೇಕಿತ್ತು. ಎರಡೂ ಇಲ್ಲದವರು ಕೋಲ್ಕತ್ತದ ಸೋನೋಡೈನ್, ಮುಂಬಯಿಯ ಕಾಸ್ಮಿಕ್ ತಂದುಕೊಂಡರು. ಆ ಕಾಲದ ಯಂತ್ರಗಳಿಗೆಲ್ಲ ಈಗ ವಯಸ್ಸಿನ ಕಾಯಿಲೆಗಳು. ವಾಲ್ಯೂಮ್ ತಿರುಗಿಸಿದರೆ ಕರಕರ. ಸ್ಪೀಕರಿನ ಅಂಚಿನ ಫೋಮ್ ಮುಟ್ಟಿದರೆ ಪುಡಿ. ಕೆಪಾಸಿಟರ್ ಒಳಗೆ ಒಣಗಿ ಸದಾ ಗುಂಯ್ ಅನ್ನುವ ಹಮ್ಮು. ಭಾಗ ಬದಲಿಸೋಣವೆಂದರೆ ಮಾಡಿದ ಕಂಪನಿಯೇ ಇಲ್ಲ. ಇದ್ದರೂ ಅವರಿಗೆ ತಮ್ಮ ಹಳೇ ಮಕ್ಕಳ ನೆನಪಿಲ್ಲ.

"ಒರಿಜಿನಲ್ ಇಲ್ಲ ಸಾರ್, ಈಕ್ವಲೆಂಟ್ ಕೊಡ್ಲಾ?"

ಎಸ್.ಪಿ. ರೋಡಿನ ಬುದ್ಧಿವಂತಿಕೆಯೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಜಪಾನಿನಲ್ಲಿ ಯಾವತ್ತೋ ನಿಂತುಹೋದ ಟ್ರಾನ್ಸಿಸ್ಟರಿನ ನಂಬರು ಹೇಳಿ. ಯಜಮಾನರು ಎರಡು ಕ್ಷಣ ಸೂರು ನೋಡಿ, ಅದರ ವೋಲ್ಟೇಜೆಷ್ಟು, ಆಂಪಿಯರೆಷ್ಟು, ಕಾಲುಗಳು ಯಾವ ಕ್ರಮದಲ್ಲಿವೆ ಎಂದು ಮನಸ್ಸಿನಲ್ಲೇ ತೂಗಿ, "5200, 1943 ಜೋಡಿ ಹಾಕಿ, ತೂತು ಸ್ವಲ್ಪ ಅಗಲ ಮಾಡ್ಕೊಳ್ಳಿ" ಎನ್ನುತ್ತಾರೆ. ಒರಿಜಿನಲ್ಲೇ ಬೇಕೆಂದು ಹಟ ಹಿಡಿಯುವ ಗೆಳೆಯರು ನನಗಿದ್ದಾರೆ. ಸ್ಕ್ರೂ ಕೂಡ ಅದೇ ವರ್ಷದ್ದಾಗಬೇಕು ಅವರಿಗೆ. ಅವರ ಸೆಟ್ಟುಗಳು ನೋಡಲು ಬಹಳ ಚೆಂದ, ಹಾಡುವುದು ಕಡಿಮೆ. ನಾನು ಬೀದಿಯ ಕಡೆಯವನು.

ಬೀದಿಯ ಕಡೆಯವನೆಂದರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆಂದಲ್ಲ. ಈ ಬಗೆಯ ಮಾರುಕಟ್ಟೆ ಎಲ್ಲಿದ್ದರೂ ಅಲ್ಲಿ ನಕಲಿ ಇದ್ದೇ ಇರುತ್ತದೆ. ಅಗ್ಗದ ಟ್ರಾನ್ಸಿಸ್ಟರಿನ ನಂಬರು ಉಜ್ಜಿ ತೆಗೆದು ಮೇಲೆ ದುಬಾರಿ ನಂಬರು ಹೊಡೆಯುವುದು ಹಳೇ ವಿದ್ಯೆ. ಹತ್ತಿಗೆ ಥಿನ್ನರ್ ಅದ್ದಿ ಉಜ್ಜಿದರೆ ಕೆಲವು ನಂಬರುಗಳು ಅಳಿಸಿಹೋಗುತ್ತವೆ. ಉಕ್ಕಿನ ಟೋಪಿ ಹಾಕಿಕೊಂಡ ಹಳೇ 3055 ಆದರೆ ಅಂಗೈಯಲ್ಲಿ ತೂಗಿ ನೋಡಬೇಕು. ನಕಲಿಯ ತಗಡು ತೆಳು, ಒಳಗಿನ ಸಿಲಿಕಾನ್ ಚೂರು ಪುಟ್ಟದು. ಮೆಲ್ಲಗೆ ಹಾಡಿಸುವ ತನಕ ಅದೂ ಸಭ್ಯವಾಗಿಯೇ ಇರುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೆ ವಾಲ್ಯೂಮ್ ಏರಿಸಿದ ದಿನ ಹೊಗೆ. ಒಳ್ಳೆಯ ಅಂಗಡಿಯವರು ತಾವೇ ಕೇಳುತ್ತಾರೆ: "ಯಾವ ಕ್ವಾಲಿಟಿ ಕೊಡ್ಲಿ?" ಇದನ್ನು ನಾನು ಪ್ರಾಮಾಣಿಕತೆಯ ಲೆಕ್ಕಕ್ಕೇ ಹಾಕುತ್ತೇನೆ.

ಇನ್ನೊಂದು ಮರುಳು ಮಾಡುವ ಮಾತು: "ಹಳೇ ಸ್ಟಾಕು ಸಾರ್, ಪ್ಯಾಕೇ ಒಡೆದಿಲ್ಲ." ಕೇಳಿದ ಕೂಡಲೇ ಜೇಬಿಗೆ ಕೈ ಹೋಗುತ್ತದೆ. ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕೆಲಸ ಮಾಡದೆ ಸುಮ್ಮನಿದ್ದರೂ ಮುದಿಯಾಗುತ್ತದೆ, ರಬ್ಬರ್ ಬೆಲ್ಟು ಡಬ್ಬಿಯೊಳಗೇ ಡಾಂಬರಾಗುತ್ತದೆ. ಇವನ್ನು ಹೊಸದಾಗಿ ತಯಾರಾದದ್ದೇ ಕೊಳ್ಳಬೇಕು. ಹಳೇ ಪ್ಯಾಕಿನ ಮಾತು ನಿಜಕ್ಕೂ ಸಲ್ಲುವುದು ವಾಲ್ವಿಗೆ. ಗಾಜಿನೊಳಗೆ ಗಾಳಿ ನುಸುಳದಿದ್ದರೆ ಐವತ್ತು ವರ್ಷ ಕಪಾಟಿನಲ್ಲಿ ಮಲಗಿದ್ದ ವಾಲ್ವು ಎದ್ದು ಹಾಡುತ್ತದೆ. ಈ ವಿಷಯದಲ್ಲಿ ಬೆಂಗಳೂರಿನವರು ಸ್ವಲ್ಪ ಕಾಲರ್ ಎತ್ತಬಹುದು. ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಅರವತ್ತರ ದಶಕದಿಂದ ಫಿಲಿಪ್ಸ್ ತಂತ್ರಜ್ಞಾನದಲ್ಲಿ ರೇಡಿಯೋ ವಾಲ್ವುಗಳನ್ನು ಮಾಡುತ್ತಿತ್ತು. ಅದರ ಇಎಲ್ 84, ಇಸಿಸಿ 83 ವಾಲ್ವುಗಳನ್ನು ಹೊರದೇಶಗಳ ಸಂಗೀತದ ಹುಚ್ಚರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಇಲ್ಲಿ ಅವು ಎಷ್ಟೋ ರೇಡಿಯೋಗಳ ಜತೆ ಗುಜರಿಗೆ ಹೋಗಿ, ಕೇಜಿ ಲೆಕ್ಕದಲ್ಲಿ ಪುಡಿಯಾದವು.

ರಬ್ಬರಿನ ವಿಷಯಕ್ಕೆ ಎಸ್.ಪಿ. ರೋಡ್ ಬಿಟ್ಟು ಪಕ್ಕದ ಜೆ.ಸಿ. ರೋಡಿಗೆ ನಡೆಯಬೇಕು. ಅಲ್ಲಿರುವುದೆಲ್ಲ ಕಾರು, ಲಾರಿಗಳ ಬಿಡಿಭಾಗ. ಕ್ಯಾಸೆಟ್ ಡೆಕ್ಕಿನ ಒಳಗೆ ಸವೆದುಹೋಗುವ ಪುಟ್ಟ ಗಾಲಿಗೆ ಲಾರಿ ಅಂಗಡಿಯ ಓ-ರಿಂಗ್ ಒಂದು ಸರಿಯಾಗಿ ಕೂರುತ್ತದೆ. ಹಳೇ ರಿಂಗನ್ನು ದಾರದಲ್ಲಿ ಅಳೆದು, ವರ್ನಿಯರಿನಲ್ಲಿ ದಪ್ಪ ನೋಡಿಕೊಂಡು ಹೋದರೆ ಆಯಿತು. "ಯಾವ ಗಾಡಿಗೆ?" ಎಂದು ಕೇಳುತ್ತಾರೆ. ಡೆಕ್ಕಿನ ಹೆಸರನ್ನೇ ಹೇಳಿ "ನಕಾಮಿಚಿ" ಅಂದೆ ಒಮ್ಮೆ. "ಆ ಗಾಡಿ ಈಗ ಬರಲ್ಲ ಬಿಡಿ" ಎಂದು ಗಂಭೀರವಾಗಿ ತಲೆಯಾಡಿಸಿ ರಿಂಗ್ ಕೊಟ್ಟರು.

ಬದಲಿ ಭಾಗ ಸಿಕ್ಕರೂ ತೀರದ ಕಷ್ಟವೊಂದಿದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಮಗ ಅಮೆರಿಕದಿಂದ ಹಳೇ ಟರ್ನ್‌ಟೇಬಲ್ ತಂದುಕೊಟ್ಟ. ಅಲ್ಲಿಯ ಕರೆಂಟು 120 ವೋಲ್ಟು, ನಮ್ಮದು 230. ಮೇಷ್ಟ್ರು ಎಸ್.ಪಿ. ರೋಡಿನಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದರು. ತಟ್ಟೆ ತಿರುಗಿತು. ಅವರು ಕೇಳುತ್ತಿದ್ದುದು ಹೆಚ್ಚಾಗಿ ಗಂಗೂಬಾಯಿ ಹಾನಗಲ್ಲರನ್ನು. "ಎಂಥ ಗಾಂಭೀರ್ಯ ಕಣಯ್ಯ, ಈ ಮಿಷನ್ನಲ್ಲಿ ಇನ್ನೂ ಒಂದು ತೂಕ ಹೆಚ್ಚೇ" ಎಂದು ನನಗೂ ಹೇಳಿದ್ದರು. ಒಂದು ದಿನ ಎಂ.ಎಸ್. ಸುಬ್ಬುಲಕ್ಷ್ಮಿಯವರ ಎಲ್‌ಪಿ ಹಾಕಿದ್ದಾರೆ. ಅಡುಗೆಮನೆಯಿಂದ ಅವರ ಶ್ರೀಮತಿ, "ಏನ್ರೀ, ಎಂ.ಎಸ್. ಅಮ್ಮನಿಗೆ ನೆಗಡಿಯಾ?" ಅಂದರಂತೆ.

ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ಹರ್ಟ್ಜನ್ನು ಮುಟ್ಟುವುದಿಲ್ಲ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಮಿಡಿದರೆ ನಮ್ಮದು 50 ಸಲ. ಅಂಥ ಟರ್ನ್‌ಟೇಬಲ್ಲಿನ ಸಿಂಕ್ರೋನಸ್ ಮೋಟಾರು ಈ ಮಿಡಿತವನ್ನೇ ನಂಬಿ ತಿರುಗುತ್ತದೆ. ನಿಮಿಷಕ್ಕೆ 33⅓ ಸುತ್ತು ಹಾಕಬೇಕಾದ ತಟ್ಟೆ ಇಲ್ಲಿ 28ಕ್ಕೂ ಕಡಿಮೆ ಹಾಕುತ್ತದೆ. ಹಾರ್ಮೋನಿಯಮ್ಮಿನಲ್ಲಿ ಹೇಳುವುದಾದರೆ ಶ್ರುತಿ ಮೂರು ಮನೆ ಕೆಳಗೆ. ಎಂ.ಎಸ್. ಅಮ್ಮನಿಗೆ ನೆಗಡಿಯಾಗಿದ್ದು ಹೀಗೆ. ಗಂಗೂಬಾಯಿಯವರದು ಮೊದಲೇ ಮಂದ್ರದ ಕಂಠವಾದ್ದರಿಂದ ಮೇಷ್ಟ್ರ ಕಿವಿಗೆ ಅನುಮಾನ ಬರಲಿಲ್ಲ.

ಮದ್ದು ಇದೆ: ಮೋಟಾರಿನ ತಲೆಯ ಮೇಲಿನ ಹಿತ್ತಾಳೆಯ ಪುಲ್ಲಿಯನ್ನು ಐದಕ್ಕೆ ಆರರಷ್ಟು ದಪ್ಪ ಮಾಡಿಸಬೇಕು. ಪೀಣ್ಯದ ಒಬ್ಬ ಲೇತ್ ಕೆಲಸಗಾರರ ಹತ್ತಿರ ಹೋದೆವು. ನೂಲಿನಷ್ಟು ಓರೆಯಿದ್ದರೂ ರಾಗ ತೂಗಾಡುತ್ತದೆ, ಬೆಲ್ಟು ಜಾರದಂತೆ ನಡುವೆ ಚೂರು ಉಬ್ಬಿರಬೇಕು ಎಂದೆಲ್ಲ ಮೇಷ್ಟ್ರು ಚಿತ್ರ ಬರೆದು ಪಾಠ ಮಾಡಿದರು. ಲೇತಿನವರು ಪೂರ್ತಿ ಕೇಳಿಸಿಕೊಂಡು, "ವಿಮಾನದ್ದಾ ಸಾರ್?" ಅಂದರು. ಹಾಡಿನದು ಅಂದಾಗ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಕೆಲಸ ಮಾತ್ರ ವಿಮಾನದ್ದೇ ಮಾಡಿಕೊಟ್ಟರು. ವೇಗ ಸರಿಯಿದೆಯೇ ಎಂದು ನೋಡಲು 180 ಗೆರೆಗಳ ಸ್ಟ್ರೋಬ್ ಚಕ್ರವನ್ನು ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟ್ ಹಾಕಬೇಕು. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಆದರೆ ಮಿನುಗುವುದು ಹಳೇ ಚೋಕಿನ ಟ್ಯೂಬ್‌ಲೈಟು, ಮೇಷ್ಟ್ರ ಮನೆಯಲ್ಲಿ ಇದ್ದದ್ದೆಲ್ಲ ಎಲ್‌ಇಡಿ. ಚೋಕು ಹುಡುಕಿಕೊಂಡು ಮತ್ತೆ ಎಸ್.ಪಿ. ರೋಡಿಗೆ.

ಬೀದಿಯ ಕಡೆಯವನಾದ ನಾನು ಒಂದು ವಿಷಯದಲ್ಲಿ ಮಾತ್ರ ಅದರ ಮಾತು ಕೇಳುವುದಿಲ್ಲ: ಮುಳ್ಳು. ಎಲ್‌ಪಿ ಮುಳ್ಳಿನ ತುದಿಯ ದುಂಡು ಸುಮಾರು 18 ಮೈಕ್ರಾನ್, 78ರ ಹಳೇ ತಟ್ಟೆಗೆ ಅದರ ಮೂರ್ನಾಲ್ಕು ಪಟ್ಟು. ಇದಕ್ಕೆ ಅದನ್ನು ಹಾಕಿದರೆ ಹಾಡೂ ಹೋಯಿತು, ತಟ್ಟೆಯೂ ಹೋಯಿತು. ಟ್ರಾನ್ಸಿಸ್ಟರ್ ಸುಟ್ಟರೆ ಇನ್ನೊಂದು ಸಿಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೇ ತಟ್ಟೆಯ ಗೀರುಗಳನ್ನು ಕೆಟ್ಟ ಮುಳ್ಳು ಉತ್ತುಬಿಟ್ಟರೆ ಈಕ್ವಲೆಂಟ್ ಎಲ್ಲಿಂದ ತರುವುದು? ಅಮೆರಿಕದ ಶ್ಯೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ವ್ಯಾಪಾರವನ್ನೇ ಬಿಟ್ಟಿತು. ಅದರ ಕಾರ್ಟ್ರಿಜ್ ಇಟ್ಟುಕೊಂಡವರಿಗೆ ಈಗ ಜಪಾನಿನ ಜೀಕೋ ಗತಿ. 1873ರಲ್ಲಿ ಹೊಲಿಗೆ ಸೂಜಿ ಮಾಡುತ್ತ ಶುರುವಾದ ಸಂಸ್ಥೆ ಅದು. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೂ ಕೊಡುತ್ತೇನೆ.

ಇಷ್ಟೆಲ್ಲ ಸಿಕ್ಕಿದರೂ ಸಿಗದೆ ಉಳಿಯುವುದು ವಾಲ್ಯೂಮಿನ ನಾಬು. ಸರ್ಕ್ಯೂಟಿನ ಭಾಗಕ್ಕೆ ಬದಲಿ ಉಂಟು, ಮುಖದ ಮೇಲಿನ ಭಾಗಕ್ಕಿಲ್ಲ. ಒಂದರ ಕಡ್ಡಿ 6 ಮಿ.ಮೀ., ಇನ್ನೊಂದರದು ಕಾಲಿಂಚು, ಮತ್ತೊಂದಕ್ಕೆ ಸುತ್ತಲೂ ಹಲ್ಲು. ಕಡ್ಡಿ ಕೂತರೆ ಬಣ್ಣ ಕೂರದು. ನನ್ನ ಆಂಪ್ಲಿಫೈಯರಿನ ಅಲ್ಯೂಮಿನಿಯಂ ನಾಬು ಕಳೆದು ಬಹಳ ಕಾಲವಾಯಿತು. ಭಾನುವಾರ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಗೋಣಿತಾಟಿನ ಮೇಲೆ ಹರಡಿದ ಗುಜರಿಯನ್ನೂ ಕೆದಕಿ ನೋಡಿದ್ದೇನೆ. ಸದ್ಯಕ್ಕೆ ಇಕ್ಕಳದಲ್ಲಿ ತಿರುಗಿಸುತ್ತೇನೆ.

ಮೊನ್ನೆ ಮೆಟ್ಟಿಲ ಮೇಲಿನ ಯಜಮಾನರಿಗೆ ಮತ್ತೆ ನೆನಪಿಸಿದೆ. ಸೆಟ್ಟಿನ ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡರು. ಮುಖ ಅರಳಿತು.

"ಈ ಸೆಟ್ ನಿಮ್ಮ ಹತ್ರ ಇದ್ಯಾ? ಕೊಟ್ಬಿಡಿ ಸಾರ್. ಇದರ ಟ್ರಾನ್ಸ್‌ಫಾರ್ಮರ್‌ಗೆ ಒಬ್ಬರು ವರ್ಷದಿಂದ ಕಾಯ್ತಾ ಇದಾರೆ."

"ಅವರ ಸೆಟ್ಟಲ್ಲಿ ನಾಬ್ ಇದ್ಯಾ ಕೇಳಿ" ಅಂದೆ.

ಫೋನ್ ಹಚ್ಚಿದರು. ಇದೆಯಂತೆ. ಕೊಡುವುದಿಲ್ಲವಂತೆ.